ತಾರೀಕಿಲ್ಲದ ಸುದ್ದಿ

ಬೆಳಿಗ್ಗೆ ಕಾಫಿ ಕುಡಿದ ಮೇಲೆ ನಾನು ಸತ್ತವರನ್ನು ಓದುತ್ತೇನೆ. ಬೇರೆ ಸುದ್ದಿ ನನಗೆ ಬೇಕಿಲ್ಲ. ಮಂತ್ರಿ ಏನಂದ, ಯಾವ ಊರಲ್ಲಿ ಯಾವ ಸಭೆ ಆಯಿತು, ಅದರಿಂದ ನನಗೆ ಆಗಬೇಕಾದ್ದು ಏನೂ ಇಲ್ಲ. ಯಾರು ಸತ್ತರು ಅನ್ನುವುದು ಮಾತ್ರ ಗೊತ್ತಿರಬೇಕು. ಹೋಗಬೇಕಾದ ಕಡೆ ಹೋಗಬೇಕು, ಹೋಗಲಾಗದಿದ್ದರೆ ತಲೆಗೆ ನೀರನ್ನಾದರೂ ಹಾಕಿಕೊಳ್ಳಬೇಕು. ನೀವೂ ಪೇಪರನ್ನು ಸತ್ತವರ ಪುಟದಿಂದ ಶುರು ಮಾಡುವವರಾದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ನಾನು ಓದಿದ್ದು ಎರಡನೇ ಕ್ಲಾಸು. ಮೂರನೆಯದಕ್ಕೆ ಹೋಗುವ ಹೊತ್ತಿಗೆ ಮನೆಯಲ್ಲಿ ಕುರಿ ಹೆಚ್ಚಾದವು, ಮೇಷ್ಟರಿಗಿಂತ ಕುರಿಗೆ ನನ್ನ ಅಗತ್ಯ ಜಾಸ್ತಿ ಇತ್ತು. ಹಾಗಾಗಿ ಈಗಲೂ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುತ್ತೇನೆ. ಒಬ್ಬ ಮನುಷ್ಯ ಸತ್ತಿದ್ದನ್ನು ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ನನ್ನ ಈ ನಿಧಾನವೇ ನನ್ನ ಸೊಸೆಗೆ ಬೇಕಾಗಿತ್ತು.

ಸೊಸೆಯ ಹೆಸರು ಶಶಿಕಲಾ. ಇಲ್ಲೇ ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಮಗ ಲೈನ್‌ಮನ್, ಹಗಲೆಲ್ಲ ಕರೆಂಟು ಕಂಬದ ಮೇಲಿರುತ್ತಾನೆ. ಪಾಠ ಅವಳ ನೌಕರಿ. ಅದು ಸಾಲದೆಂದು ಅವಳಿಗೆ ಇನ್ನೊಂದು ಕೆಲಸ ಇದೆ. ಅದನ್ನು ಮಾಡು ಎಂದು ಅವಳಿಗೆ ಯಾರೂ ಹೇಳಿಲ್ಲ, ಮಾಡಿದರೆ ಯಾರೂ ಏನೂ ಕೊಡುವುದಿಲ್ಲ. ಮಾಡದಿದ್ದರೆ ಮಾತ್ರ ಬೈಯುತ್ತಾರೆ.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಪ್ರತಿಯೊಂದು ಪೇಪರಿನವರೂ ತಮ್ಮ ವೆಬ್‌ಸೈಟಿನಲ್ಲಿ ಇವತ್ತಿನ ಸುದ್ದಿಗಳು ಇಂತಿಂಥವು ಎಂದು ಒಂದು ಪಟ್ಟಿ ಇಡುತ್ತಾರೆ. ಅದನ್ನು ಫೀಡು ಅನ್ನುತ್ತಾರೆ. ಮನುಷ್ಯರು ಓದಲಿ ಎಂದು ಇಟ್ಟಿದ್ದಲ್ಲ, ಬೇರೆ ಕಂಪ್ಯೂಟರುಗಳು ಓದಿಕೊಳ್ಳಲಿ ಎಂದು. ಆದರೆ ಆ ಪಟ್ಟಿಯನ್ನು ಒಬ್ಬರು ಬರೆದಂತೆ ಇನ್ನೊಬ್ಬರು ಬರೆಯುವುದಿಲ್ಲ. ಒಬ್ಬ ತಿಂಗಳು ಮೊದಲು ಹಾಕುತ್ತಾನೆ, ಒಬ್ಬ ದಿನ ಮೊದಲು ಹಾಕುತ್ತಾನೆ. ಒಬ್ಬ ತಲೆಬರಹ ಬಿಡುತ್ತಾನೆ. ಒಬ್ಬ ಅರ್ಧ ಬರೆದು ಊಟಕ್ಕೆ ಎದ್ದು ಹೋಗಿರುತ್ತಾನೆ. ಇವರೆಲ್ಲರ ಪಟ್ಟಿಗಳನ್ನೂ ಓದಿ, ಕಸ ತೆಗೆದು, ಒಂದೇ ಅಚ್ಚಿಗೆ ತಂದು ಕೊಡುವ ಪ್ರೋಗ್ರಾಮನ್ನು ಶಶಿ ಓದುವ ಕಾಲದಲ್ಲಿ ಬರೆದಳಂತೆ. ಅದಕ್ಕೆ ಲೈಬ್ರರಿ ಅನ್ನುತ್ತಾರೆ. ಬರೆದವಳು ಸುಮ್ಮನಿರದೆ ಯಾರು ಬೇಕಾದರೂ ಬಳಸಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟುಬಿಟ್ಟಳು. ಬಳಸಿದರು. ಈಗ ಯಾವ್ಯಾವುದೋ ದೇಶದವರ ಪ್ರೋಗ್ರಾಮುಗಳ ಹೊಟ್ಟೆಯೊಳಗೆ ನಮ್ಮ ಶಶಿಯ ಲೈಬ್ರರಿ ಇದೆ. ಅದು ಕೆಮ್ಮಿದರೆ ಅವರಿಗೆಲ್ಲ ಕೆಮ್ಮು.

ಬೆಳಿಗ್ಗೆ ಮುದ್ದೆಗೆ ಎಸರಿಟ್ಟು, ಅದು ಕುದಿಯುವವರೆಗೆ ಅವಳು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ತಕರಾರುಗಳು ಬಂದಿರುತ್ತವೆ. ಒಂದು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದಳು.

“ಏನಂತೆ?” ಅಂದೆ.

“ಒಬ್ಬ ಬೈದವ್ನೆ ಅತ್ತೆ. ಇಂಥಾ ದರಿದ್ರ ಲೈಬ್ರರಿ ನೋಡಿಲ್ಲ ಅಂತಾನೆ.”

“ನೆಂಟನೇನೆ?”

“ಅಲ್ಲ.”

“ಕಾಲೇಜಿನ ಸಾಹೇಬ್ರೇ?”

“ಅಲ್ಲ ಅತ್ತೆ. ಯಾರು ಅಂತ್ಲೇ ಗೊತ್ತಿಲ್ಲ. ಯಾವ ದೇಶ ಅಂತಾನೂ ಗೊತ್ತಿಲ್ಲ.”

“ಮತ್ತೆ ಬೈಸ್ಕಳದ್ಯಾಕೆ?”

“ಅವನು ಹೇಳದ್ರಾಗೆ ಅರ್ಧ ನಿಜ ಐತೆ,” ಅಂದಳು. ಎಸರು ಉಕ್ಕಿತು. ಅರ್ಧ ನಿಜಕ್ಕೆ ಪೂರ್ತಿ ಬೈಸಿಕೊಳ್ಳುವವಳು ಅವಳು. ಮುಂದಿನ ವಾರ ಅದೇ ಮನುಷ್ಯ ನನಗೆ ಇನ್ನೊಂದು ಅನುಕೂಲ ಮಾಡಿಕೊಡು ಎಂದು ಬರೆದಿದ್ದ. ಮಾಡಿಕೊಟ್ಟಳು.

ನನ್ನ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವಳು ಆ ಲೈಬ್ರರಿಯ ಮೇಲೆ ಒಂದು ಸಣ್ಣ ಆ್ಯಪು ಕಟ್ಟಿ ನನ್ನ ಫೋನಿಗೆ ಹಾಕಿದಳು. ನಮ್ಮ ಜಿಲ್ಲೆಯ ಪೇಪರುಗಳಿಂದ ಬರೀ ನಿಧನವಾರ್ತೆ, ದಪ್ಪ ಅಕ್ಷರದಲ್ಲಿ. ನನ್ನ ಮೇಲಿನ ಪ್ರೀತಿಗೆ ಎಂದು ನಾನು ಅಂದುಕೊಂಡಿಲ್ಲ. “ನಿಮ್ಮಷ್ಟು ನಿಧಾನ ಓದೋರು ಯಾರೂ ಸಿಗಲ್ಲ ಅತ್ತೆ. ಏನಾದ್ರೂ ತಪ್ಪು ಕಂಡ್ರೆ ಹೇಳ್ರಿ,” ಎಂದು ಆವತ್ತೇ ಹೇಳಿದ್ದಳು. ಕೆಲಸಕ್ಕೆ ಇಟ್ಟುಕೊಂಡಿದ್ದಳು ಅಷ್ಟೆ.

ನಾವು ಚಿಕ್ಕವರಿದ್ದಾಗ ಸಾವಿನ ಸುದ್ದಿ ಸೈಕಲ್ಲಿನ ಮೇಲೆ ಬರುತ್ತಿತ್ತು. ತಂದವನು ಮನೆಯೊಳಗೆ ಬರುತ್ತಿರಲಿಲ್ಲ, ನೀರು ಕೊಟ್ಟರೂ ಕುಡಿಯುತ್ತಿರಲಿಲ್ಲ. ಒಂದು ಕಾಲು ನೆಲಕ್ಕೆ ಊರಿ, ಇಂಥವರು ಹೋದರು ಎಂದು ಹೇಳಿ, ಪೆಡಲು ತುಳಿಯುತ್ತಿದ್ದ. ನಮ್ಮದು ಧರ್ಮಪುರದ ಕಡೆಯ ಊರು. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಆಂಧ್ರದ ಗಡಿ ದಾಟಿ ಹೋಗುತ್ತಿದ್ದೆವು. ಆಗ ಸೈಕಲ್ಲಿನವನಿಗೂ ನಾವು ಸಿಗುತ್ತಿರಲಿಲ್ಲ. ಸತ್ತವರು ಸತ್ತು ತಿಂಗಳಾದ ಮೇಲೆ ಯಾವುದೋ ಸಂತೆಯಲ್ಲಿ ಸುದ್ದಿ ಸಿಗುತ್ತಿತ್ತು. ಅಪ್ಪನದು ಒಂದೇ ಲೆಕ್ಕ: ಯಾವತ್ತು ಕೇಳಿದೆವೋ ಆವತ್ತಿನಿಂದ ಸೂತಕ. ಕೇಳಿದ ಕೂಡಲೇ ಹತ್ತಿರದ ಕಟ್ಟೆಗೆ ಇಳಿದು ಮುಳುಗಿ ಬರುತ್ತಿದ್ದ. ಒಂದು ಸಲ ಅವನ ಸೋದರಮಾವ ಸತ್ತದ್ದನ್ನು ಇಬ್ಬರು ಬೇರೆಬೇರೆ ದಿನ ಬಂದು ಹೇಳಿದರು. ಅಪ್ಪ ಎರಡು ಸಲ ಮುಳುಗಿದ. “ಒಬ್ಬನಿಗೆ ಎರಡು ಸ್ನಾನವಾ?” ಎಂದು ಸಂತೆಯವರು ನಕ್ಕರು. ಅವ್ವ ನಗಲಿಲ್ಲ. ಆ ತಿಂಗಳು ಅಪ್ಪ ಮಾಡಿದ ಸ್ನಾನ ಅವೆರಡೇ, ಇನ್ನೂ ಒಬ್ಬ ಬಂದು ಹೇಳಿದ್ದರೆ ಅವಳಿಗೆ ಬೇಡವೇನೂ ಆಗಿರಲಿಲ್ಲ.

ಆ ಅಪ್ಪ ಅವ್ವನಿಗೆ ನಾವಿಬ್ಬರೇ ಮಕ್ಕಳು, ನಾನು ಮತ್ತು ತಮ್ಮ ರಂಗಪ್ಪ. ಅವನು ಊರಲ್ಲೇ ಉಳಿದ. ಕುರಿ ಮಾರಿ ಶೇಂಗಾ ಬೆಳೆಯುತ್ತಾನೆ. ನನಗೂ ಅವನಿಗೂ ಒಂಬತ್ತು ವರ್ಷ ಮಾತಿರಲಿಲ್ಲ. ಕಾರಣ ಕೇಳಿದರೆ ನೀವು ನನ್ನ ಕಡೆಯೇ ನಿಲ್ಲುತ್ತೀರಿ. ಅವನ ಮಗನ ಮದುವೆ. ಸೋದರತ್ತೆ ನಾನು. ಲಗ್ನಪತ್ರಿಕೆಯನ್ನು ಮನೆಗೆ ಬಂದು, ಹೊಸಿಲು ದಾಟಿ, ಕುಂಕುಮ ಕೊಟ್ಟು, ಬರ್ರಿ ಎಂದು ಬಾಯಿಬಿಟ್ಟು ಕರೆಯಬೇಕು. ತಮ್ಮನ ಹೆಂಡತಿ ಈರಕ್ಕ ಪತ್ರಿಕೆಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದಳು. ಅವನು ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ನಮ್ಮ ಯಜಮಾನರ ಕೈಗೆ ಕೊಟ್ಟು ಸೀಟಿ ಊದಿದ. ಕಂಡಕ್ಟರ್ ಕರೆದ ಮದುವೆಗೆ ನಾನು ಹೋಗಲಿಲ್ಲ. ನಾನು ಹೋಗಲಿಲ್ಲವೆಂದು ಅವರು ಆಮೇಲೆ ನಮ್ಮ ಯಜಮಾನರು ತೀರಿಕೊಂಡಾಗ ಬರಲಿಲ್ಲ. ಅಲ್ಲಿಗೆ ಸಮ ಆಯಿತು.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಫೋನು ತೆಗೆದರೆ, ಧರ್ಮಪುರದ ಕಡೆ ಒಂದೇ ದಿನ ಒಂಬತ್ತು ಜನ ಸತ್ತಿದ್ದರು. ಬಿಸಿಲು ಜಾಸ್ತಿ ಅಂದುಕೊಂಡೆ. ಬೆರಳಿಟ್ಟುಕೊಂಡು ಇಳಿದೆ. ಐದನೆಯದು, ರಂಗಪ್ಪನವರ ಪತ್ನಿ ಈರಕ್ಕ. ಊರಿನ ಹೆಸರೂ ನಮ್ಮದೇ. ಪತಿ, ಪುತ್ರ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಎಂದಿತ್ತು. ಅಪಾರ ಬಂಧುಬಳಗ ಅಂದರೆ ನಾನು. ಮೇಲುಗಡೆ ಕೆಂಪು ಅಕ್ಷರದಲ್ಲಿ ‘ಇಂದು’ ಎಂದಿತ್ತು.

ಸತ್ತ ಮೇಲೆ ಕಂಡಕ್ಟರ್ ಮಾತು ಎತ್ತಬಾರದು. ಸೊಸೆ ಕಾಲೇಜಿಗೆ ಹೋಗಿದ್ದಳು, ಮಗ ಕಂಬದ ಮೇಲಿದ್ದ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಚಿತ್ರದುರ್ಗದ ಬಸ್ಸು ಹತ್ತಿದೆ. ದುರ್ಗದಲ್ಲಿ ಇಳಿದು ಹಿರಿಯೂರು ಬಸ್ಸು. ಐಮಂಗಲ ದಾಟುವಾಗ ನಿದ್ದೆ ಬಂತು. ಹಿರಿಯೂರಿನಲ್ಲಿ ಒಂದು ಹಾರ ತೆಗೆದುಕೊಂಡೆ, ಹೂವಿನವಳು ದೇವಸ್ಥಾನಕ್ಕೋ ಹೆಣಕ್ಕೋ ಎಂದು ಕೇಳಿ ಅದಕ್ಕೆ ತಕ್ಕ ಹಾರ ಕೊಟ್ಟಳು. ಅಲ್ಲಿಂದ ಧರ್ಮಪುರದ ಬಸ್ಸು. ಊರ ಮುಂದೆ ಇಳಿದಾಗ ಹೊತ್ತು ನೆತ್ತಿಯ ಮೇಲಿತ್ತು.

ನಮ್ಮಲ್ಲಿ ಸಾವಿನ ಮನೆಗೆ ಬರುವ ಹೆಂಗಸು ಬೀದಿಯ ತಿರುವಿನಲ್ಲೇ ಅಳು ಎತ್ತಬೇಕು. ಒಳಗಿದ್ದವರಿಗೆ ಯಾರೋ ಬಂದರೆಂದು ಗೊತ್ತಾಗಿ ಅವರೂ ದನಿ ಕೂಡಿಸುತ್ತಾರೆ. ನಾನು ಸೆರಗು ಬಾಯಿಗೆ ಹಿಡಿದು ಎತ್ತಿದೆ. “ಅಯ್ಯೋ ನನ್ನವ್ವಾ, ಮನೆ ಬರಿದು ಮಾಡ್ ಹೋದ್ಯಲ್ಲೇ, ಕರೆದು ಕರೆದು ಉಣ್ಣಕ್ಕಿಕ್ಕಿದೋಳೇ...” ಕರೆದು ಅನ್ನುವಾಗ ಬಾಯಿ ಸ್ವಲ್ಪ ತಡವರಿಸಿತು. ಆದರೂ ಅಳುವಾಗ ಅಂಥದ್ದನ್ನೆಲ್ಲ ಹಾಕಲೇಬೇಕು. ಒಳಗಿನಿಂದ ಯಾವ ದನಿಯೂ ಕೂಡಲಿಲ್ಲ.

ಅಂಗಳಕ್ಕೆ ಬಂದೆ. ನಾಲ್ಕೈದು ಹೆಂಗಸರು ಚಾಪೆ ಹಾಸಿಕೊಂಡು ಬಿತ್ತನೆಗೆ ಶೇಂಗಾ ಬಿಡಿಸುತ್ತಿದ್ದರು. ಮುಷ್ಟಿಯಲ್ಲಿ ಕಾಯಿ ಹಿಡಿದವರು ಹಾಗೇ ನನ್ನನ್ನು ನೋಡಿದರು. ಒಬ್ಬಳು ಗಡಿಯಾಚೆಯವಳಿರಬೇಕು, “ಎವರಮ್ಮಾ ಈ ಮುಸಲಮ್ಮ?” ಎಂದು ಪಕ್ಕದವಳನ್ನು ಕೇಳಿದಳು. ನನಗೂ ತೆಲುಗು ಬರುತ್ತದೆ, ಮುದುಕಿ ಅಂದದ್ದು ತಿಳಿಯಿತು. ರಂಗಪ್ಪ ಜಗಲಿಯ ಮೇಲೆ ಕುಂತು ಹಗ್ಗ ಹೊಸೆಯುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು.

“ಯಾರು ಸತ್ರು?” ಅಂದ.

“ನಿನ್ನ ಹೆಂಡ್ತಿ,” ಅಂದೆ.

“ಗೊತ್ತು,” ಅಂದ.

ಹಾರ ಕೈಯಲ್ಲೇ ಇತ್ತು. ಗೋಡೆಯ ಮೇಲೆ ಈರಕ್ಕನ ಫೋಟೋ ಇತ್ತು, ಅದಕ್ಕೆ ಪ್ಲಾಸ್ಟಿಕ್ ಹಾರ, ಆ ಹಾರದ ಮೇಲೆ ಧೂಳು. ಅಷ್ಟು ಧೂಳು ಒಂದು ದಿನದಲ್ಲಿ ಕೂರುವುದಿಲ್ಲ. ನನಗೆ ಆಗ ತಿಳಿಯಿತು.

ಅವನ ಮಗ ಒಳಗಿನಿಂದ ಬಂದ. ಕಂಡಕ್ಟರ್ ಕರೆದ ಮದುವೆಯ ಗಂಡು. “ಏನತ್ತೆ, ನಮ್ಮವ್ವ ಹೋಗಿ ವರ್ಷ ಆತು. ಮಣ್ಣಿಗೆ ಬರ್ಲಿಲ್ಲ, ತಿಥಿಗೆ ಬರ್ಲಿಲ್ಲ. ಈಗ ಆಡ್ಕಳಕ್ಕೆ ಬಂದೀಯೇನು, ಬೀದಿಯಿಂದ ಕೂಗ್ಕಂತಾ?”

“ಆಡ್ಕಳಕ್ಕೆ ಮೂರು ಬಸ್ಸು ಹತ್ತಿ ಬರ್ತಾರೇನಲೇ?” ಎಂದು ಫೋನು ತೆಗೆದು ತೋರಿಸಿದೆ. ಅವನು ನೋಡಿದ. ‘ಇಂದು’ ಎಂಬುದನ್ನೂ ನೋಡಿದ. ಅಪ್ಪನ ಕೈಗೆ ಕೊಟ್ಟ. ರಂಗಪ್ಪ ಹಗ್ಗ ಕಾಲಿನ ಕೆಳಗೆ ಒತ್ತಿಟ್ಟು ಫೋನನ್ನು ದೂರ ಹಿಡಿದು ಓದಿದ.

“ಇದು ನಾನು ಕೊಟ್ಟಿದ್ದೇಯ,” ಅಂದ.

“ಈವತ್ತಾ?”

“ಆವತ್ತು. ಅವಳು ಹೋದ ದಿನ.” ಹಗ್ಗವನ್ನು ಮತ್ತೆ ಕೈಗೆ ತೆಗೆದುಕೊಂಡ. “ಊರಿಗೆಲ್ಲ ಗೊತ್ತಿತ್ತು. ಅವಳ ತವರಿಗೆ ಆಳು ಕಳ್ಸಿದ್ದೆ. ಪೇಪರಿಗೆ ಯಾರಿಗೋಸ್ಕರ ಹಾಕ್ಸಿದ್ದು ಅನ್ಕಂಡಿ?”

ಆಗ ನನ್ನ ಕಣ್ಣಲ್ಲಿ ಪೊರೆ ಇತ್ತು. ಪೇಪರು ನನಗೆ ಬಿಳಿ ಬಟ್ಟೆಯ ಹಾಗೆ ಕಾಣುತ್ತಿತ್ತು. ಮಗ ಸೊಸೆ ಸತ್ತವರನ್ನು ಓದುವವರಲ್ಲ. ನಮ್ಮ ಕಡೆಯ ಬೇರೆ ನೆಂಟರು, ನಾನು ಗೊತ್ತಿದ್ದೂ ಹೋಗಿಲ್ಲ ಅಂದುಕೊಂಡು, ನಾವ್ಯಾಕೆ ಬಾಯಿಬಿಡೋಣ ಎಂದು ಸುಮ್ಮನಿದ್ದರಂತೆ.

“ಫೋನ್ ಮಾಡಬೋದಿತ್ತು,” ಅಂದೆ.

“ನೀನೂ ಮಾಡಬೋದಿತ್ತು, ಒಂಬತ್ತು ವರ್ಷದಾಗೆ.”

“ಲಗ್ನಪತ್ರಿಕೆ ಕಂಡಕ್ಟರ್ ಕೈಲಿ ಕಳ್ಸಿದ್ರಿ.”

“ಅವಳಿಗೆ ಆವಾಗ ಮಂಡಿ ಆಪರೇಷನ್ ಆಗಿತ್ತು. ಬಸ್ಸು ಹತ್ತಕ್ಕಾಗ್ತಿರ್ಲಿಲ್ಲ.”

“ಪತ್ರಿಕೆಯಾಗೆ ಅದು ಬರೆದಿರ್ಲಿಲ್ಲ,” ಅಂದೆ.

ಶೇಂಗಾದವರಲ್ಲಿ ಒಬ್ಬಳು ನಕ್ಕುಬಿಟ್ಟಳು. ರಂಗಪ್ಪ ನಗಲಿಲ್ಲ, ನಾನೂ ನಗಲಿಲ್ಲ. ಹಾರವನ್ನು ಪ್ಲಾಸ್ಟಿಕ್ ಹಾರದ ಮೇಲೆ ಹಾಕಿದೆ. ಬಸ್ಸು ಐದಕ್ಕೆ ಎಂದು ಅವನ ಮಗ ಹೇಳಿದ. ಅಲ್ಲಿಯವರೆಗೆ ಸುಮ್ಮನೆ ಕೂರುವುದು ಹೇಗೆ ಎಂದು ಚಾಪೆಯ ಮೇಲೆ ಕುಂತು ಶೇಂಗಾ ಬಿಡಿಸಿದೆ. ಹೊರಡುವಾಗ ರಂಗಪ್ಪ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ತನ್ನ ನಂಬರು ಮಾತ್ರ ಮಗನ ಕೈಯಲ್ಲಿ ನನ್ನ ಫೋನಿಗೆ ಹಾಕಿಸಿ ಕೊಟ್ಟ.

ಮನೆಗೆ ಬಂದಾಗ ಇನ್ನೊಂದು ತಕರಾರು. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಒಳಗೆ ಬರಬಾರದು. ಆದರೆ ಸತ್ತು ವರ್ಷವಾದ ಮನೆಯಿಂದ ಬಂದವರು? ಬೇಡ ಎಂದ ಮಗ. ಯಾವುದಕ್ಕೂ ಇರಲಿ ಎಂದಳು ಸೊಸೆ. ಅವರಿಬ್ಬರ ವಾದ ಮುಗಿಯುವಷ್ಟರಲ್ಲಿ ನಾನು ಸ್ನಾನ ಮುಗಿಸಿದ್ದೆ. ಬಸ್ಸಿನ ಧೂಳಿಗಾದರೂ ಬೇಕಿತ್ತು.

ಆಮೇಲೆ ಫೋನನ್ನು ಶಶಿಯ ಮುಂದೆ ಇಟ್ಟೆ. “ತಪ್ಪು ಕಂಡ್ರೆ ಹೇಳ್ರಿ ಅಂದಿದ್ದೆ. ಕಂಡೈತೆ.”

ಅವಳು ಕಂಪ್ಯೂಟರ್ ತೆಗೆದು ಹುಡುಕಿದಳು. “ಪೇಪರಿನೋರು ಹೊಸ ವೆಬ್‌ಸೈಟ್ ಮಾಡ್ಸವ್ರೆ ಅತ್ತೆ. ಹಳೇ ಸುದ್ದಿನೆಲ್ಲ ದಿನಾ ಒಂದಿಷ್ಟು ತಂದು ಸುರೀತವ್ರೆ. ಸುರಿಯುವಾಗ ತಾರೀಕು ಬಿದ್ದೋಗೈತೆ.”

“ಬಿದ್ದೋದ್ರೆ ಬಿದ್ದೋಗ್ಲಿ. ‘ಇಂದು’ ಅಂತ ಬರೆದೋರು ಯಾರು?”

ಅವಳು ಪರದೆಯ ಮೇಲೆ ಒಂದು ಸಾಲಿಗೆ ಬೆರಳಿಟ್ಟಳು. “ನಾನು,” ಅಂದಳು.

ಒಂದೇ ಸಾಲಂತೆ. ಬಹಳ ಹಿಂದೆ ಯಾರೋ ಕೇಳಿದ್ದರಂತೆ, ತಾರೀಕಿಲ್ಲದ ಸುದ್ದಿ ಪಟ್ಟಿಯ ತಳಕ್ಕೆ ಹೋಗಿ ಯಾರಿಗೂ ಕಾಣುವುದಿಲ್ಲ, ಏನಾದರೂ ಮಾಡು ಎಂದು. ತಾರೀಕು ಇಲ್ಲದಿದ್ದರೆ ಇವತ್ತಿನದೇ ಹಾಕು ಎಂದು ಇವಳು ಒಂದು ಸಾಲು ಬರೆದಳು. ಎಲ್ಲರಿಗೂ ಅನುಕೂಲವಾಯಿತು. ಈಗ ಆ ಸಾಲು ತೆಗೆದರೆ, ತಾರೀಕು ಇದ್ದೇ ಇರುತ್ತದೆ ಎಂದು ನಂಬಿಕೊಂಡ ಎಲ್ಲರ ಪ್ರೋಗ್ರಾಮುಗಳೂ ಮುರಿಯುತ್ತವೆ. ಎರಡು ದಿನ ಅವಳು ಮುದ್ದೆಯನ್ನು ಗಂಟು ಗಂಟಾಗಿ ಮಾಡಿದಳು. ನನಗೇ ಪಾಪ ಅನಿಸಿತು.

“ನೀನು ತಪ್ಪೇನು ಮಾಡಿಲ್ಲ ಬಿಡೇ,” ಅಂದೆ. “ನಮ್ಮಪ್ಪಂದೂ ಇದೇ ಲೆಕ್ಕ. ಕೇಳಿದ ದಿನಾನೇ ದಿನ.”

ಅವಳು ಕೈಯ ಹಿಟ್ಟು ತೊಳೆಯುವುದನ್ನು ನಿಲ್ಲಿಸಿದಳು. “ನಿಮ್ಮಪ್ಪ ಇವತ್ತು ಕೇಳಿದೆ ಅಂತಿದ್ರು ಅತ್ತೆ. ಇವತ್ತು ಸತ್ತ ಅಂತಿರ್ಲಿಲ್ಲ.”

ಕಲಿತವರ ಜೊತೆ ಇದೇ ತೊಂದರೆ. ಸಮಾಧಾನ ಹೇಳಿದರೆ ಅದರಲ್ಲೂ ತಪ್ಪು ಹುಡುಕುತ್ತಾರೆ. ಆದರೆ ಅವಳು ಆವತ್ತೇ ಕುಂತು ಹಾಗೇ ಮಾಡಿದಳು. ಸುದ್ದಿಯ ತಾರೀಕು ಇಲ್ಲದಿದ್ದರೆ ಖಾಲಿ, ಪಟ್ಟಿ ಓದಿದ ದಿನ ಯಾವುದೋ ಅದನ್ನು ಬೇರೆ ಕಡೆ ಬರೆದಿಡುವುದು. ಇಂಥ ದೊಡ್ಡ ಬದಲಾವಣೆ ಮಾಡಿದರೆ ಲೈಬ್ರರಿಯ ನಂಬರೇ ಬದಲಾಗಬೇಕಂತೆ. ಮೂರು ಇದ್ದದ್ದು ನಾಲ್ಕಾಯಿತು. ಈರಕ್ಕನಿಗೆ ಈ ಗೌರವ ಸಿಕ್ಕಿದ್ದು ಗೊತ್ತಿಲ್ಲ.

ಬದಲಾವಣೆಗೆ ಕಾರಣ ಬರೆಯಬೇಕಂತೆ. “ಏನು ಬರೀಲಿ?” ಅಂದಳು. “ಇದ್ದದ್ದು ಬರಿ,” ಅಂದೆ. ನಮ್ಮ ಅತ್ತೆ ಈ ಸಾಲನ್ನು ನಂಬಿ ಸತ್ತವರ ಮನೆಗೆ ಒಂದು ವರ್ಷ ತಡವಾಗಿ ಹೋಗಿ ಅತ್ತು ಬಂದರು ಎಂದು ಇಂಗ್ಲಿಷಿನಲ್ಲಿ ಬರೆದಳು. ಮಾರನೆ ದಿನದಿಂದ ಬೈಗುಳ ಬಂದವು. ನನ್ನ ಪ್ರೋಗ್ರಾಮು ನಿಂತಿತು ಎಂದು ಒಬ್ಬ, ನಿನಗೆ ತಲೆ ಇಲ್ಲ ಎಂದು ಒಬ್ಬ. ಇನ್ನೊಬ್ಬರು ಯಾರೋ, ಆ ಅಜ್ಜಿ ಈಗ ಹೇಗಿದ್ದಾರೆ ಎಂದು ಕೇಳಿದ್ದರು.

“ಚೆನ್ನಾಗವ್ಳೆ ಅಂತ ಬರಿ,” ಅಂದೆ. “ಮಂಡಿನೋವು ಅಂತಾನೂ ಬರಿ.” ಅದನ್ನು ಅವಳು ಬರೆಯಲಿಲ್ಲ ಅಂದುಕೊಳ್ಳುತ್ತೇನೆ.

ಶಶಿ ಸರಿಮಾಡಿದ್ದು ಅವಳ ಲೈಬ್ರರಿಯನ್ನು. ಪೇಪರಿನವರ ಪಟ್ಟಿ ಹಾಗೇ ಇತ್ತು. ಹಳೆಯ ಸತ್ತವರು ದಿನಾ ನಾಲ್ಕೈದು ಜನ ಬರುತ್ತಲೇ ಇದ್ದರು, ಹಣೆಯ ಮೇಲೆ ತಾರೀಕಿಲ್ಲದೆ. ಹೊಸದಾಗಿ ಸತ್ತವರಲ್ಲೂ ಕೆಲವರ ತಾರೀಕು ಬಿದ್ದುಹೋಗುತ್ತಿತ್ತು. ಈಗ ನನಗೆ ಹೊಸ ಕಷ್ಟ. ಧರ್ಮಪುರ ಹೋಬಳಿಯ ಕರಿಯಣ್ಣ ನಿಧನ ಎಂದಿದೆ. ನಮ್ಮ ಜೊತೆ ಕುರಿ ಕಾಯುತ್ತಿದ್ದವನು. ಈಗ ಸತ್ತನೋ, ಹೋದ ವರ್ಷ ಸತ್ತನೋ? ಬಸ್ಸು ಹತ್ತಬೇಕೋ, ತಲೆಗೆ ನೀರು ಹಾಕಿಕೊಂಡರೆ ಸಾಕೋ? ಆ ಕಡೆ ಯಾರು ಯಾವಾಗ ಹೋದರು ಎಂದು ಹೇಳಲು ನನಗೆ ಗೊತ್ತಿರುವವನು ಒಬ್ಬನೇ.

“ಕರಿಯಣ್ಣ ಸತ್ತಿದ್ದು ಯಾವಾಗ?” ಎಂದು ಫೋನಿನಲ್ಲಿ ಕೇಳಿದೆ.

“ಯಾವ ಕರಿಯಣ್ಣ?”

“ಕುರಿ ಕಾಯ್ತಿದ್ದೋನು.”

“ಹೋದ ಯುಗಾದಿಗೆ ಮುಂಚೆ,” ಎಂದು ಇಟ್ಟುಬಿಟ್ಟ.

ಮಾರನೆ ದಿನ ಇಬ್ಬರಿದ್ದರು. ಅದರ ಮಾರನೆ ದಿನ ಒಬ್ಬಳು, ಅವಳು ಯಾರ ಮಗಳು ಎಂದು ಇಬ್ಬರೂ ಸೇರಿ ಕಂಡುಹಿಡಿಯಬೇಕಾಯಿತು, ಅದಕ್ಕೆ ಅರ್ಧ ಗಂಟೆ ಹಿಡಿಯಿತು. ನಡುವೆ ಮಳೆ ಬಂತೋ ಇಲ್ಲವೋ ಎಂದು ಕೇಳಿದೆ. ಬಿತ್ತಿದೆವು ಅಂದ. ನೀನು ಬಿಡಿಸಿದ ಕಾಯಲ್ಲಿ ಅರ್ಧ ಬೀಜ ಒಡೆದಿದ್ದವು ಅಂದ. ನಾನು ಸಾವಿನ ಸುದ್ದಿ ಬಿಟ್ಟು ಬೇರೆ ಮಾತಾಡಲು ಫೋನು ಮಾಡಿಲ್ಲ ಅಂದೆ. ಒಂದು ದಿನ ಪಟ್ಟಿಯಲ್ಲಿ ಆ ಕಡೆಯವರು ಯಾರೂ ಇರಲಿಲ್ಲ. ನಾನು ಫೋನು ಇಟ್ಟು ಸೊಪ್ಪು ಸೋಸುತ್ತಿದ್ದೆ. ಹತ್ತು ಗಂಟೆಗೆ ಅದೇ ಬಡಿದುಕೊಂಡಿತು.

“ಯಾಕಕ್ಕ, ಇವತ್ತು ಯಾರೂ ಇಲ್ವಾ?” ಎಂದ.

ಮೊನ್ನೆ ಶಶಿ ಕಾಲೇಜಿನಿಂದ ಖುಷಿಯಾಗಿ ಬಂದಳು. ಆ ಪೇಪರಿನ ವೆಬ್‌ಸೈಟ್ ನೋಡಿಕೊಳ್ಳುವವನು ದುರ್ಗದಲ್ಲಿ ಸಿಕ್ಕಿದನಂತೆ, ಇವಳ ಹಳೆಯ ವಿದ್ಯಾರ್ಥಿಯೇ. ಎಲ್ಲವಕ್ಕೂ ಸರಿಯಾದ ತಾರೀಕು ಹಾಕಿಬಿಡುತ್ತೇನೆ ಮೇಡಂ ಅಂದನಂತೆ. “ನಿಮ್ಮ ತಾಪತ್ರಯ ತಪ್ತು ಅತ್ತೆ. ಇನ್ನು ಯಾರನ್ನೂ ಕೇಳೋ ಹಂಗಿಲ್ಲ,” ಅಂದಳು.

“ಬ್ಯಾಡ ಅನ್ನು,” ಅಂದೆ.

“ಯಾಕೆ?”

ಯಾಕೆ ಎಂದು ನಾನು ಸ್ವಲ್ಪ ಯೋಚಿಸಿದೆ. ಅವಳ ಬಾಯಲ್ಲೇ ಕೇಳಿ ಕಲಿತದ್ದು ಒಂದಿತ್ತು. “ಹೊಸಾ ಸಾಲು ಬರೆದೀಯಲ್ಲ, ಅದು ಸರಿ ನಡೀತೈತೋ ಇಲ್ವೋ ಅಂತ ದಿನಾ ಪರೀಕ್ಷೆ ಮಾಡಕ್ಕೆ ತಾರೀಕಿಲ್ಲದ್ದು ಒಂದು ಪೇಪರಾದ್ರೂ ಬೇಕಲ್ಲ?”

ಅವಳು ನನ್ನನ್ನು ನೋಡಿದಳು. ನಾನು ಸೋಸುತ್ತಿದ್ದ ಸೊಪ್ಪನ್ನು ನೋಡಿದೆ. ಆಮೇಲೆ ಅವಳು ಫೋನು ತೆಗೆದು ಆ ಹುಡುಗನಿಗೆ ಹೇಳುವುದು ಕೇಳಿಸಿತು. “ಸದ್ಯಕ್ಕೆ ಹಂಗೇ ಬಿಡಪ್ಪ. ನಮಗೆ ಟೆಸ್ಟಿಂಗಿಗೆ ಬೇಕು.”

ಇವತ್ತು ಬೆಳಿಗ್ಗೆ ತಾರೀಕಿಲ್ಲದವರು ಮೂವರಿದ್ದಾರೆ. ಒಬ್ಬ ನನಗೆ ಚೆನ್ನಾಗಿ ಗೊತ್ತು, ಸತ್ತು ಎರಡು ವರ್ಷವಾಯಿತು, ಮಣ್ಣಿಗೆ ನಾನೇ ಹೋಗಿದ್ದೆ. ಆದರೂ ಕೇಳಿಬಿಡೋಣ ಎಂದು ತಮ್ಮನ ನಂಬರು ಒತ್ತಿದ್ದೇನೆ.